ರೋಗ ತಡೆಯೋದು, ರೋಗ ತಡಕೊಳ್ಳೋದು: ಎರಡಕ್ಕೂ ಬೇರೆ ಬೇರೆ ಪದ ಉಂಟಾ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯವ ನಾನು, ಒಂದು ಪದ ಹಿಡಿದು ಎರಡು ದಿನದಿಂದ ಕೂತಿದ್ದೇನೆ. ಸಸ್ಯವಿಜ್ಞಾನಿಯೊಬ್ಬರ ಭಾಷಣ ಇಲ್ಲಿಯ ಕೃಷಿಕರಿಗೆ ಕನ್ನಡ ಮಾಡಿ ಕೊಡ್ಬೇಕು, ಬೆಳೆಗಳಿಗೆ ವಂಶದಲ್ಲೇ ಬರುವ ರೆಸಿಸ್ಟೆನ್ಸ್ ಬಗ್ಗೆ. ಅವರು ರೆಸಿಸ್ಟೆನ್ಸ್ ಬೇರೆ ಟಾಲರೆನ್ಸ್ ಬೇರೆ ಅಂತಾರೆ. ರೋಗಾಣುವನ್ನು ಗಿಡ ಒಳಗೆ ಬೆಳೀಲಿಕ್ಕೆ ಬಿಡದಿದ್ರೆ ಮೊದಲನೆಯದ್ದು, ರೋಗ ಬಂದರೂ ಫಸಲು ಹೆಚ್ಚೇನೂ ಕಮ್ಮಿ ಆಗದೆ ಸಿಕ್ಕಿದ್ರೆ ಎರಡನೆಯದ್ದು. ನಮ್ಮಲ್ಲಿ ಎರಡಕ್ಕೂ ಕಣ್ಣುಮುಚ್ಚಿ ‘ರೋಗನಿರೋಧಕ’ ಅಂತ ಬರೀತಾರೆ.

ಈ ‘ನಿರೋಧಕ’ ನನಗೆ ಸರಿಬರುದಿಲ್ಲ. ಕೀಟನಾಶಕ, ಶಿಲೀಂಧ್ರನಾಶಕ ಕೇಳಿ ಪಳಗಿದ ಕಿವಿಗೆ ಇದೂ ಡಬ್ಬದಲ್ಲಿ ಬರುವ ಮದ್ದೇ. ನೆರೆಮನೆ ಮಾವನತ್ರ "ಇದ್ರಲ್ಲಿ ರೋಗನಿರೋಧಕ ಉಂಟು ಮಾವ" ಅಂದದ್ದಕ್ಕೆ "ಲೀಟರಿಗೆ ಎಷ್ಟು ಎಮ್ಮೆಲ್ ಹಾಕುದು?" ಅಂತ ಕೇಳಿದ್ರು. ಸಭೆಯಲ್ಲಿ ನಾಲ್ಕು ಸಲ ನಿರೋಧ ನಿರೋಧ ಅಂದ್ರೆ ಹಿಂದಿನ ಬೆಂಚಿನವರು ನಗುದೂ ಗ್ಯಾರಂಟಿ, ಯಾಕೆ ಅಂತ ಹೇಳುದು ಬೇಡ.

ಇನ್ನು ಇಲ್ಲಿ ಮಲಯಾಳದ ಉಪದ್ರ ಬೇರೆ. ಅವರದ್ದು ‘ಪ್ರತಿರೋಧಶೇಷಿ’, ಶೇಷಿ ಅಂದ್ರೆ ಸಾಮರ್ಥ್ಯ. ಕೈಗೆ ಬಂದ ಒಂದು ಕನ್ನಡ ಕರಪತ್ರದಲ್ಲಿ ಅದು ‘ರೋಗ ಪ್ರತಿರೋಧ ಶೇಷ’ ಆಗಿತ್ತು, ಓದಿದವನಿಗೆ ರೋಗ ಹೋಗಿ ಉಳಿದದ್ದೆಂತದೋ ಅಂತ ಅನಿಸ್ಬೇಕು. ಮತ್ತೆ ‘ಪ್ರತಿರೋಧ’ ಅಂದ್ರೂ ಹೊಡೆದಾಟದ ವಾಸನೆ, ಮಲಯಾಳದಲ್ಲಿ ರಕ್ಷಣಾ ಮಂತ್ರಿಯೇ ಪ್ರತಿರೋಧ ಮಂತ್ರಿ. ಆದ್ರೆ ಗಿಡಕ್ಕೆ ಈ ಗುಣ ಕೊಡುವ ವಂಶವಾಹಿ ಅಂದ್ರೆ ಜೀನ್‌ಗಳಲ್ಲಿ ಹೆಚ್ಚಿನವು ಮಾಡುದು ಹೊಡೆದಾಟ ಅಲ್ಲ, ಗುರುತು ಹಿಡಿಯುದು. ಅಗಸೆಯ ತುಕ್ಕು ರೋಗದಲ್ಲಿ ಫ್ಲೋರ್ ಅನ್ನುವ ವಿಜ್ಞಾನಿ ತೋರಿಸಿದ್ದರಲ್ಲೇ ಅದರ ಸುಳಿವು ಉಂಟು, ಗಿಡದ ಒಂದೊಂದು ಜೀನಿಗೆ ಜೋಡಿಯಾಗಿ ರೋಗಾಣುವಿನಲ್ಲೂ ಒಂದು. ಗುರುತು ಸಿಕ್ಕಿದ್ರೆ ರೋಗಾಣು ತಾಗಿದಲ್ಲಿಯ ಕೋಶಗಳು ತಾವೇ ಸತ್ತು ದಾರಿ ಮುಚ್ಚುದೂ ಉಂಟು, ಎಲೆಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ, ಅಲ್ಲಿಗೆ ಮುಗೀತು.

ಪದ ನಮ್ಮ ಬಾಯಲ್ಲೇ ಉಂಟು ಅಂತ ಮೊನ್ನೆ ಹೊಳೆಯಿತು. ಅದೇ ಮಾವ ಒಳ್ಳೆಮೆಣಸಿಗೆ (ಕಾಳುಮೆಣಸು) ಹಿಪ್ಪಲಿ ಕಸಿ ಕಟ್ಟಿದ್ದಾರೆ, ದಕ್ಷಿಣ ಅಮೇರಿಕದ ಹಿಪ್ಪಲಿಯ ಬುಡ, ಮೇಲೆ ಪಣಿಯೂರು ತಳಿಯ ಮೆಣಸಿನ ಬಳ್ಳಿ. ಸೊರಗು ರೋಗ ತರುವ ಫೈಟಾಫ್ತೊರ ಅನ್ನುವ ರೋಗಾಣು ಆ ಬೇರಿಗೆ ತಟ್ಟುದಿಲ್ಲ, ಹಾಗಂತ ಮೇಲಿನ ಬಳ್ಳಿಗೆ ಆ ಗುಣ ಏರುದೂ ಇಲ್ಲ, ಮಳೆಗಾಲದಲ್ಲಿ ಎಲೆ ಕಪ್ಪಾಗಬಹುದು. ಮಾವ ಹೇಳಿದ್ದು: "ಬುಡ ತಡೆತ್ತು, ಬಳ್ಳಿ ತಡಕ್ಕೊಳೆಕ್ಕು." ಅಂದ್ರೆ ಬುಡ ತಡೀತದೆ, ಬಳ್ಳಿ ತಡಕೊಳ್ಳಬೇಕು. ಒಂದೇ ಧಾತು, ‘ಕೊಳ್ಳು’ ಸೇರಿದ ಕೂಡ್ಲೆ ನಿಲ್ಲಿಸುದು ಹೋಗಿ ಸಹಿಸುದು ಆಯ್ತು! ಇಂಗ್ಲಿಷಿನಲ್ಲಿ ಎರಡು ಪದ ಬೇಕಾದಲ್ಲಿ ನಮಗೆ ಒಂದು ‘ಕೊಳ್ಳು’ ಸಾಕು.

ಹಾಗಾಗಿ ರೆಸಿಸ್ಟೆನ್ಸಿಗೆ ‘ತಡೆಗುಣ’ ಅಂತ ಬರೆದೆ. ಟಾಲರೆನ್ಸಿಗೆ ‘ತಡಕೊಳ್ಳುವ ಗುಣ’ ಉದ್ದ ಆಯ್ತು ಅಂತ ‘ತಾಳಿಕೆ’ ಹಾಕಿದೆ. ಅಲ್ಲಿಗೆ ಹೊಸ ಗಂಟು. ಗೋಧಿಯಲ್ಲಿ ತುಕ್ಕು ರೋಗ ತಡೀಲಿಕ್ಕೆ ವರ್ಷಗಟ್ಲೆ ನಂಬಿದ ಎಸ್‌ಆರ್31 ಜೀನನ್ನು ಉಗಾಂಡದಲ್ಲಿ 1998ರಲ್ಲಿ ಸಿಕ್ಕಿದ ತುಕ್ಕು ಮೀರಿತು, ಕೃಷಿಕರ ಮಾತಲ್ಲಿ ತಳಿ ‘ಕೈಕೊಟ್ಟಿತು’ (ಇದಕ್ಕಂತೂ ಬೇರೆ ಪದ ಹುಡುಕುದು ಬೇಡ). ಹಾಗೆ ಕೈಕೊಡದ್ದಕ್ಕೆ ಡ್ಯೂರೆಬಲ್ ಅಂತಾರೆ, ನಮಗೆ ಅದು ಕೂಡ ‘ತಾಳಿಕೆ ಬರುದು’ ಅಲ್ವಾ! ಹಾಗಾಗಿ ಇದಕ್ಕೆ ‘ಬಾಳಿಕೆ’ ಅಂತ ಹಾಕಿದೆ. ಸಾಂಬಾ ಮಸೂರಿ ಭತ್ತಕ್ಕೆ ದುಂಡಾಣು ಅಂಗಮಾರಿ ಬಾರದ ಹಾಗೆ ಒಂದರ ಬದಲು ಮೂರು ಜೀನ್ ಪೇರಿಸಿದ್ದೂ, ಅದ್ರಲ್ಲಿ ಒಂದು ಆಫ್ರಿಕದ ಕಾಡುಭತ್ತದಿಂದ ಬಂದದ್ದು, ಈ ಬಾಳಿಕೆಗಾಗಿಯೇ. ಹೀಗೆ ಹಲವು ಜೀನ್ ಒಂದೇ ತಳಿಗೆ ಸೇರಿಸುವ ಪಿರಮಿಡಿಂಗಿಗೆ ‘ಪೇರಿಸುದು’ ಸಾಕು ಅಂತ ನನ್ನ ಅಭಿಪ್ರಾಯ, ‘ವಂಶವಾಹಿ ಗೋಪುರೀಕರಣ’ ಅಂತ ಯಾರಾದ್ರೂ ಬರೆಯುವ ಮೊದಲು ಹೇಳಿಬಿಟ್ಟೆ.

ಈಗ ನನ್ನ ಕರಡಿನಲ್ಲಿ ತಡೆಗುಣ, ತಾಳಿಕೆ, ಬಾಳಿಕೆ ಅಂತ ಮೂರು ಉಂಟು. ನಮ್ಮ ಊರಲ್ಲಿ ಬಟ್ಟೆಗೆ ‘ತಾಳಿಕೆ’ಯೂ ಸೈ ‘ಬಾಳಿಕೆ’ಯೂ ಸೈ, ವ್ಯತ್ಯಾಸ ಮಾಡುದಿಲ್ಲ. ಘಟ್ಟದ ಮೇಲಿನವರು, ಸೊಲ್ಲಾಪುರ, ಹೊಸೂರು ಕಡೆಯವರು ಹೇಳಿ, ನಿಮ್ಮ ಕಿವಿಗೆ ಇವೆರಡು ಬೇರೆ ಕೇಳ್ತದಾ? ಶುಕ್ರವಾರದೊಳಗೆ ಹೇಳಿದ್ರೆ ಉಪಕಾರ.