ಲೋಟ, ಚೊಂಬು, ತಂಬಿಗೆ

ಗೆಳೆಯರೇ,

ಹೋದ ತಿಂಗಳು ಸಾಗರದ ನಮ್ಮ ಮನೆಗೆ ಲಖನೌ ಕಡೆಯ ಗೆಳೆಯನೊಬ್ಬ ಬಂದಿದ್ದ. ಒಳಗಿನಿಂದ ಅತ್ತೆ, "ಅವ್ರಿಗೂ ಒಂದ್ ಲೋಟ ಕಾಫಿ ಕೊಡಾ ಮಾರಾಯ" ಅಂದರು. ಅವನಿಗೆ ಅರ್ಥವಾದದ್ದು ಎರಡೇ ಮಾತು, ಲೋಟ ಮತ್ತು ಕಾಫಿ. ಗಾಬರಿಯಾಗಿ ನನ್ನ ಮುಖ ನೋಡಿದ. ಹಿಂದಿಯಲ್ಲಿ ಲೋಟಾ ಅಂದರೆ ದುಂಡು ಹೊಟ್ಟೆಯ ನೀರಿನ ಪಾತ್ರೆ. ಬೆಳಿಗ್ಗೆ ಬಯಲಿಗೆ ಹೋಗುವಾಗ ಕೈಯಲ್ಲಿ ಹಿಡಿಯುವುದೂ ಅದನ್ನೇ! ನಾವು ಆ ಹೆಸರು ತಂದು ಕಾಫಿ ಕುಡಿಯುವ ನೆಟ್ಟಗಿನ ಪಾತ್ರೆಗೆ ಇಟ್ಟಿದ್ದೇವೆ.

ಅವರ ಲೋಟಾ ನಮ್ಮ ಚೊಂಬು. ಈ ಚೊಂಬು ಎಲ್ಲಿಯದು? ತಮಿಳಿನಲ್ಲಿ ಚೆಂಬು ಅಂದರೆ ತಾಮ್ರ, ತಾಮ್ರದ ಪಾತ್ರೆಗೂ ಅದೇ ಹೆಸರು. ಕೆಂಪಗಿರುವ ಲೋಹ, ಅದಕ್ಕೇ ಆ ಹೆಸರು. ಆದರೆ ನಮ್ಮಲ್ಲಿ ಅದು ಕೆಂಪು, ಚೆಂಪು ಅಲ್ಲ. ತೆಲುಗಿನ ಚೆವಿ ನಮಗೆ ಕಿವಿ, ಚೆರುವು ನಮಗೆ ಕೆರೆ. ಅವರ ಚಕಾರ ಇರುವಲ್ಲಿ ನಮ್ಮದು ಕಕಾರ ಉಳಿದಿದೆ. ಹಾಗಾಗಿ ಚೊಂಬು ಮೂಲ ಕನ್ನಡದ್ದಲ್ಲ, ನೆರೆಮನೆಯಿಂದ ಬಂದದ್ದು ಅಂತ ನನ್ನ ಲೆಕ್ಕ. (ಮೋಸ ಹೋದವರ ಕೈಗೆ ಕೊಡುವ ಚೊಂಬೂ ಇದೇ, ಅಲ್ವಾ?)

ಇನ್ನು ತಂಬಿಗೆ. ಪ್ರಾಕೃತದಲ್ಲಿ ತಾಮ್ರಕ್ಕೆ ತಂಬ ಅನ್ನುತ್ತಿದ್ದರು. ತಂಬಿಗೆ ಅದರ ಮಗು ಅನ್ನುವುದನ್ನು ನಾನು ಒಪ್ಪುತ್ತೇನೆ. ಅಂದರೆ ಒಂದು ದಕ್ಷಿಣದಿಂದ, ಒಂದು ಉತ್ತರದಿಂದ ಬಂದರೂ ಎರಡರ ಹೊಟ್ಟೆಯಲ್ಲಿರುವುದು ತಾಮ್ರವೇ. ಈಗ ನಮ್ಮ ಬಚ್ಚಲಲ್ಲಿರುವ ಚೊಂಬು ಪ್ಲಾಸ್ಟಿಕ್ಕಿನದು, ಅದು ಬೇರೆ ಮಾತು. "ಸ್ಟೀಲ್ ಗ್ಲಾಸು" ಅನ್ನುವವರು ನಾವು, ಗಾಜು ಹೋದರೂ ಹೆಸರು ಹೋಗಲಿಲ್ಲ. ಇಂಗ್ಲಿಷರ ಸ್ಪೂನ್ ಕೂಡ ಹೀಗೇ. ಹಳೆ ಇಂಗ್ಲಿಷಿನಲ್ಲಿ ಆ ಮಾತಿಗೆ ಮರದ ಚಕ್ಕೆ ಅಂತ ಅರ್ಥ ಇತ್ತು.

ಈಗ ನನ್ನ ಪ್ರಶ್ನೆ. ನಮ್ಮ ಮನೆಯಲ್ಲಿ ಕಾಲು ತೊಳೆಯಲು ಕೊಡುವುದು ಚೊಂಬು, ಕುಡಿಯುವ ನೀರು ತರುವುದು ತಂಬಿಗೆಯಲ್ಲಿ. ಆಕಾರ ಎರಡಕ್ಕೂ ಒಂದೇ. ಅದಲು ಬದಲಾದರೆ ಅತ್ತೆ ಬೈಯುತ್ತಾರೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯವರೇ, ನಿಮ್ಮಲ್ಲೂ ಈ ಭೇದ ಇದೆಯೇ? ಅಥವಾ ಬಾಯಿ ಅಗಲ ಇದ್ದದ್ದು ಒಂದು, ಕಿರಿದಾದದ್ದು ಇನ್ನೊಂದು ಅಂತ ಇದೆಯೇ?