ಸ್ವಂತ ಭಾಷೇಲಿ ಫೈಲ್ ಪಾತ್: ಬರೀ ಸ್ಟ್ರಿಂಗ್ ಸಾಕಾ, ಆಬ್ಜೆಕ್ಟೇ ಬೇಕಾ? ಮಾಡಿದೋರು ಅನುಭವ ಹೇಳಿ

ಮಲ್ನಾಡ್_88:
ನಮ್ಮ ಟೀಮಿನ ಬಿಲ್ಡ್ ಮತ್ತೆ ಬ್ಯಾಕಪ್ ಕೆಲಸಕ್ಕೆ ಅಂತ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆ ಬರೀತಿದೀನಿ, ಅದನ್ನ ಓಡಿಸೋ ಇಂಟರ್‌ಪ್ರಿಟರ್ ರಸ್ಟ್ ಭಾಷೇಲಿದೆ. ಈಗ ಪಾತ್ (ಫೈಲ್ ಎಲ್ಲಿದೆ ಅಂತ ಹೇಳೋ ವಿಳಾಸ) ಅಂದ್ರೆ ಬರೀ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು. ಅದನ್ನ ಬೇರೆ ಟೈಪ್ (ತನ್ನದೇ ನಿಯಮ ಇರೋ ಆಬ್ಜೆಕ್ಟ್) ಮಾಡ್ಬೇಕಾ, ಮಾಡಿದ್ರೆ ಜೋಡ್ಸೋಕೆ / ಆಪರೇಟರ್ ಕೊಡ್ಬೇಕಾ ಅಂತ ಎರಡು ವಾರದಿಂದ ತಲೆ ಕೆಡಿಸ್ಕೊಂಡಿದೀನಿ. ಬಳಸೋರು 6 ಜನ, ಅದ್ರಲ್ಲಿ 2 ಜನ ವಿಂಡೋಸ್. ಕೈ ಸುಟ್ಕೊಂಡೋರು ದಯವಿಟ್ಟು ಹೇಳಿ.

ಪೈಥಾನಿಗ:
ಆಬ್ಜೆಕ್ಟೇ ಮಾಡಿ, ಆದ್ರೆ ಮೊದಲ ದಿನದಿಂದ್ಲೇ ಮಾಡಿ. ಪೈಥಾನ್ 3.4 ಜೊತೆ ಪಾತ್‌ಲಿಬ್ (ಪಾತನ್ನ ಆಬ್ಜೆಕ್ಟ್ ಮಾಡೋ ಲೈಬ್ರರಿ) ಬಂದದ್ದು 2014ರಲ್ಲಿ, ಆ ವರ್ಷವೇ ನಾನು ಆಫೀಸಲ್ಲಿ ಹಠ ಹಿಡಿದು 300 ಚಿಲ್ರೆ ಸ್ಕ್ರಿಪ್ಟ್ ಬದಲಾಯಿಸ್ದೆ. ಆಮೇಲೆ ನೋಡಿದ್ರೆ ಭಾಷೆಯೋರೇ ಕೊಟ್ಟ ಪಾತನ್ನ ಭಾಷೆಯೋರದ್ದೇ ಓಪನ್ ಫಂಕ್ಷನ್ ತಗೊಳಲ್ಲ! ಎಲ್ಲಾ ಕಡೆ ಎಸ್‌ಟಿಆರ್ ಸುತ್ತಿ ಸ್ಟ್ರಿಂಗ್ ಮಾಡಿ ಕೊಡ್ಬೇಕು. ಎಣಿಸಿದೀನಿ, 1,140 ಕಡೆ. 2016ರ ಡಿಸೆಂಬರಲ್ಲಿ 3.6 ಬಂದು ಪಾತ್ ಆಬ್ಜೆಕ್ಟನ್ನ ಓಪನ್ ನೇರವಾಗಿ ತಗೊಳೋ ಹಾಗೆ ಮಾಡೋ ಎಫ್‌ಎಸ್‌ಪಾತ್ ಪ್ರೋಟೋಕಾಲ್ ಸೇರೋವರೆಗೂ ಅದೇ ಗೋಳು, ಬಂದ್ಮೇಲೆ ಅದನ್ನೆಲ್ಲ ಕಿತ್ತು ಹಾಕೋಕೆ ಇನ್ನೊಂದು ತಿಂಗಳು ಹೋಯ್ತು. ಟೀಮಲ್ಲಿ ಎಲ್ರೂ ನನ್ನ ಮುಖ ನೋಡೋರು.

ಇನ್ನೊಂದು, ಇದು ಇವತ್ತಿಗೂ ನೋಯತ್ತೆ. ವರದಿ-1.2, ವರದಿ-1.3 ಅಂತ ಎಕ್ಸ್‌ಟೆನ್ಷನ್ ಇಲ್ಲದ ಫೈಲುಗಳು, ಎಕ್ಸ್‌ಟೆನ್ಷನ್ ಬದಲಿಸೋ ವಿತ್_ಸಫಿಕ್ಸ್ ಹಾಕಿ ಸಿಎಸ್‌ವಿ ಮಾಡೋಕೆ ಹೋದೆ. ಅದು ಕೊನೇ ಚುಕ್ಕೆಯಿಂದ ಆಚೆಗೆ ಇರೋದನ್ನೇ ಎಕ್ಸ್‌ಟೆನ್ಷನ್ ಅಂದ್ಕೊಂಡು .2 ತೆಗೀತು, .3 ತೆಗೀತು, ಎಲ್ಲಾ ವರದಿ-1.ಸಿಎಸ್‌ವಿ ಆಯ್ತು. 19 ಆವೃತ್ತಿ ಒಂದರ ಮೇಲೊಂದು ಬರೆದು ಕೊನೇದೊಂದೇ ಉಳೀತು. ಟೇಪಿಂದ ವಾಪಸ್ ತರೋಕೆ ಎರಡು ರಾತ್ರಿ ಮಲಗಿಲ್ಲ. ಆದ್ರೂ ನಾನು ಸ್ಟ್ರಿಂಗಿಗೆ ವಾಪಸ್ ಹೋಗಲ್ಲ.

ಹುಬ್ಬಳ್ಳಿ_ಡೆವ್:
ಇಷ್ಟೆಲ್ಲ ಕಳಕೊಂಡ ಮ್ಯಾಲೂ ಅದನ್ನ ಹೊಗಳ್ತೀರಿ. ನೋಡ್ರಿ, ಸ್ಟ್ರಿಂಗ್ ಸಾಕು. ನಾನು 2017ರಿಂದ ಗೋ ಭಾಷಾದಾಗ ಕೆಲಸ ಮಾಡಾಕತ್ತೀನಿ, ಫೈಲ್‌ಪಾತ್ ಪ್ಯಾಕೇಜ್ ಐತಿ, ಒಳಗ ಸ್ಟ್ರಿಂಗ್ ಹೊರಗ ಸ್ಟ್ರಿಂಗ್. ಆ / ಆಪರೇಟರ್ ಅಂತೂ ಬ್ಯಾಡೇ ಬ್ಯಾಡ. ಅದಕ್ಕೂ ಮೊದಲ ನಮ್ಮ ಪೈಥಾನ್ ಸರ್ವಿಸ್ ಒಂದಿತ್ತು, ಅಪ್‌ಲೋಡ್ ಫೋಲ್ಡರ್ / ಬಂದ ಹೆಸರು ಅಂತ ಬರದಿದ್ವಿ. ಬಂದ ಹೆಸರು ಸ್ಲ್ಯಾಷಿಂದ (ಅಂದ್ರ ಡಿಸ್ಕಿನ ಬುಡದಿಂದ) ಚಾಲೂ ಆದ್ರ ಎಡಕ್ಕಿದ್ದ ಫೋಲ್ಡರ್ ಪೂರಾ ಮಾಯ, ಬಲಗಡಿದಷ್ಟ ಉಳೀತದ. ಎರರ್ ಇಲ್ಲ, ಏನಿಲ್ಲ. ಆಡಿಟ್‌ದಾಗ ಸಿಕ್ತು, 11 ದಿನ ರಿಲೀಸ್ ನಿಂತು, ಆ ತಿಂಗಳ ಬಿಲ್ ಕಳಸಾಕ ಆಗಲಿಲ್ಲ, ಮೀಟಿಂಗಿನ್ಯಾಗ ನನ್ನ ಹೆಸರು ಹಿಡದು ಕೇಳಿದ್ರು. ರಸ್ಟ್‌ದಾಗೂ ಹಂಗ, ಸಿ ಪ್ಲಸ್ ಪ್ಲಸ್ 17ರಾಗೂ ಹಂಗ. ಗೋದ ಜಾಯಿನ್ ಫಂಕ್ಷನ್ ಎರಡನ್ನೂ ಜೋಡಸ್ತದ, ಏನೂ ಒಗ್ಯಾಂಗಿಲ್ಲ.

ಪೈಥಾನಿಗ:
ಎರಡು ಚುಕ್ಕೆ (ಒಂದು ಫೋಲ್ಡರ್ ಮೇಲಕ್ಕೆ ಹೋಗು ಅಂತ) ಕೊಟ್ಟು ನೋಡಿದೀರಾ? ಗೋ ಜಾಯಿನಿಗೆ /ಅಪ್‌ಲೋಡ್ ಮತ್ತೆ ../ಗುಟ್ಟು ಕೊಡಿ, ನೀಟಾಗಿ /ಗುಟ್ಟು ಅಂತ ಬರತ್ತೆ. ಅದಕ್ಕೇ ತಾನೆ 2025ರಲ್ಲಿ ಗೋ 1.24ಕ್ಕೆ ಒಂದು ಫೋಲ್ಡರಿಂದ ಆಚೆ ಹೋಗೋಕೆ ಬಿಡದ ಓಎಸ್ ರೂಟ್ ಅಂತ ಟೈಪ್ ತಂದದ್ದು? ಸ್ಟ್ರಿಂಗ್ ಸಾಕಾಗಿದ್ರೆ ಅದ್ಯಾಕೆ ಬೇಕಿತ್ತು?

ಹುಬ್ಬಳ್ಳಿ_ಡೆವ್:
ರೂಟ್ ಅನ್ನೋದು ಪಾತ್ ಅಲ್ರಿ, ತೆರೆದಿಟ್ಟ ಡೈರೆಕ್ಟರಿ ಅದು. ಅದರ ಮೆಥಡ್‌ಗೆ ಕೊಡೋ ಹೆಸರು ಈಗೂ ಸ್ಟ್ರಿಂಗೇ. ಮೊದಲ ಡಾಕ್ಯುಮೆಂಟ್ ಓದ್ರಿ, ಆಮ್ಯಾಲೆ ಮಾತಾಡ್ರಿ.

ಕಡತ_ಕಾಯೋನು:
ಇಬ್ರೂ ಮೂಲ ವಿಷಯ ಬಿಟ್ಟು ಜಗಳ ಆಡ್ತಿದೀರ. ಲಿನಕ್ಸಲ್ಲಿ ಫೈಲ್ ಹೆಸರು ಅಕ್ಷರಾನೇ ಅಲ್ಲ, ಬೈಟುಗಳ ಸಾಲು. ಸ್ಲ್ಯಾಷ್ ಮತ್ತೆ ಸೊನ್ನೆ ಬೈಟ್ ಬಿಟ್ಟು ಏನು ಬೇಕಾದ್ರೂ ಇರಬಹುದು. ನಾನು ಹಳೇ ಮಾಸಪತ್ರಿಕೆ ಸ್ಕ್ಯಾನ್‌ಗಳನ್ನ ಜೋಡಿಸೋ ಕೆಲಸದಲ್ಲಿದ್ದೆ. ಸಿಡಿಗಳಲ್ಲಿ ಜಿಪ್ ಫೈಲು, ಹೆಸರುಗಳನ್ನ ಯೂನಿಕೋಡ್ ಬರೋಕೆ ಮುಂಚಿನ ಕನ್ನಡ ಫಾಂಟಲ್ಲಿ ಟೈಪ್ ಮಾಡಿದ್ರು, ಜಿಪ್ ಆಗಿದ್ದು ವಿಂಡೋಸಲ್ಲಿ. ಲಿನಕ್ಸಲ್ಲಿ ಬಿಚ್ಚಿದ್ರೆ ಒಂದು ಹೆಸರೂ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನ ಬೈಟಲ್ಲಿ ಬರೆಯೋ ರೀತಿ) ಅಲ್ಲ. ರಸ್ಟಲ್ಲಿ ಬರೀತಿದ್ದೆ, ಹೆಸರನ್ನ ಸ್ಟ್ರಿಂಗ್ ಮಾಡೋ ಟು_ಎಸ್‌ಟಿಆರ್ ನನ್ (None, ಏನೂ ಇಲ್ಲ ಅಂತ) ಕೊಡತ್ತೆ, ಕಂಪೈಲರ್ ಬೈಯತ್ತೆ, ಬೇಜಾರಾಗಿ ಟು_ಸ್ಟ್ರಿಂಗ್_ಲಾಸಿ ಹಾಕಿ ಅದನ್ನೇ ಡೇಟಾಬೇಸಿಗೆ ಕೀ ಮಾಡ್ದೆ. ಗೊತ್ತಿಲ್ಲದ ಬೈಟಿಗೆಲ್ಲ ಅದು ಒಂದೇ ಬದಲಿ ಚಿಹ್ನೆ (�) ಇಡತ್ತೆ, ಹಂಗಾಗಿ ಬೇರೆ ಬೇರೆ ಹೆಸರುಗಳು ಒಂದೇ ಆದ್ವು. ಡಿಸ್ಕಲ್ಲಿ 4,212 ಫೈಲ್, ಟೇಬಲಲ್ಲಿ 3,890 ಸಾಲು. 322 ಪುಟ ಕಾಣೆ, ಮತ್ತೆ ಗೊತ್ತಾಗಿದ್ದು ನಾಲ್ಕು ತಿಂಗಳಾದ್ಮೇಲೆ, ಸಿಡಿಗಳನ್ನ ವಾಪಸ್ ಕೊಟ್ಟಾದ್ಮೇಲೆ. ಒಬ್ಬೊಬ್ಬರ ಮನೆಗೂ ಹೋಗಿ ಮತ್ತೆ ಕೇಳಿ ತಂದೆ, ಇಬ್ರು ಕೊಡ್ಲಿಲ್ಲ.

ರಸ್ಟಲ್ಲಿ ಓಎಸ್‌ಸ್ಟ್ರಿಂಗ್ (ಓಎಸ್ ಕೊಟ್ಟ ಹೆಸರನ್ನ ಹಾಗೇ ಇಟ್ಕೊಳೋ ಟೈಪ್) ಯಾಕಿದೆ ಅಂತ ಆವತ್ತು ಅರ್ಥ ಆಯ್ತು. ನಿಮ್ಮ ಭಾಷೆಯ ಸ್ಟ್ರಿಂಗ್ ಯುಟಿಎಫ್-8 ಅಂದ್ರೆ ಪಾತ್ ಸ್ಟ್ರಿಂಗ್ ಆಗೋಕೆ ಸಾಧ್ಯಾನೇ ಇಲ್ಲ. ತೋರಿಸೋಕೆ ಒಂದು ದಾರಿ, ಫೈಲ್ ತೆಗೆಯೋಕೆ ಒಂದು ದಾರಿ, ಎರಡನ್ನ ಬೆರೆಸ್ಬೇಡಿ.

ಕರಾವಳಿ_ಮ್ಯಾಕ್:
ಬೈಟ್ ಬೈಟ್ ಅಂತ ಹೇಳ್ತೀರಲ್ಲ ಮಾರಾಯ್ರೆ, ನನ್ನ ಕತೆ ಕೇಳಿ. ಊರೂರಿನ ಲೆಕ್ಕ, ಫೋಲ್ಡರಿಗೆ ಊರಿನ ಹೆಸರು, ಕನ್ನಡದಲ್ಲೇ. ಹಳೇ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಒಡೆದು ಇಡ್ತದೆ. ಕೋಲಾರದ ಓತ್ವ ಉಂಟಲ್ಲ, ಅದು ಯೂನಿಕೋಡಲ್ಲಿ ಒಂದೇ ಕೋಡ್‌ಪಾಯಿಂಟ್ (ಒಂದು ಚಿಹ್ನೆಯ ನಂಬರ್), ಡಿಸ್ಕಲ್ಲಿ ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು. 15 ಬೈಟಿನ ಹೆಸರು 21 ಬೈಟ್. ಲಿನಕ್ಸ್ ಸರ್ವರಿಗೆ ಕಾಪಿ ಮಾಡಿದ್ರೆ ಕೋಲಾರ ಎರಡು! ಕಣ್ಣಿಗೆ ಎಂತ ವ್ಯತ್ಯಾಸವೂ ಇಲ್ಲ. 62 ಇನ್‌ವಾಯ್ಸ್ ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ, ಮಾರ್ಚ್ ಕೊನೆಯಲ್ಲಿ. ಬೀದರ್ ಕೂಡ ಹಾಗೇ, ಮಂಗಳೂರಿಗೆ ಎಂತದೂ ಆಗ್ಲಿಲ್ಲ. ಪಾತ್ ಆಬ್ಜೆಕ್ಟ್ ಮಾಡುದಾದ್ರೆ ಹೋಲಿಸುವಾಗ ನಾರ್ಮಲೈಸ್ ಮಾಡ್ಲೇಬೇಕು, ಅಂದ್ರೆ ಎರಡನ್ನೂ ಒಂದೇ ರೂಪಕ್ಕೆ ತರ್ಬೇಕು.

ಕಡತ_ಕಾಯೋನು:
ದಯವಿಟ್ಟು ಬೇಡ. ಲಿನಕ್ಸಲ್ಲಿ ಆ ಎರಡು ನಿಜವಾಗ್ಲೂ ಬೇರೆ ಫೈಲು. ಆಬ್ಜೆಕ್ಟ್ ಎರಡೂ ಒಂದೇ ಅಂತ ಹೇಳಿದ್ರೆ ಬ್ಯಾಕಪ್ ಒಂದನ್ನ ಬಿಟ್ಟೇ ಬಿಡತ್ತೆ. ನನ್ನ 322 ಹೋದದ್ದೇ ಹಂಗೆ.

ಹುಬ್ಬಳ್ಳಿ_ಡೆವ್:
ಇಂಗ್ಲಿಷ್‌ನ್ಯಾಗ ಹೆಸರು ಇಡ್ರಿ, ಎಲ್ಲಾ ಮುಗೀತದ.

ಕರಾವಳಿ_ಮ್ಯಾಕ್:
ಕನ್ನಡದಲ್ಲಿ ಬರೆದು ನಮಗೇ ಹೀಗೆ ಹೇಳುದಾ? ಆ ಲೆಕ್ಕ ಬರೆಯುವವರಿಗೆ ಇಂಗ್ಲಿಷ್ ಬರುದಿಲ್ಲ. 40 ವರ್ಷ ಕನ್ನಡದಲ್ಲಿ ಲೆಕ್ಕ ಬರೆದವರಿಗೆ ಕಂಪ್ಯೂಟರ್ ಬಂತು ಅಂತ ಹೆಸರು ಬದಲಿಸಿ ಅಂತ ನಾನು ಹೇಳುದಿಲ್ಲ. ತಪ್ಪು ನಮ್ಮ ಸಾಫ್ಟ್‌ವೇರಿದ್ದು.

ಕಡತ_ಕಾಯೋನು:
ಇದ್ರಲ್ಲಿ ನಾನು ಕರಾವಳಿಯವರ ಕಡೆ. ಆದ್ರೆ ಮಿತಿ ನೆನಪಿಟ್ಕೊಳಿ, ಲಿನಕ್ಸಿನ ಎಕ್ಸ್‌ಟಿ4 ಫೈಲ್ ಸಿಸ್ಟಮಲ್ಲಿ ಒಂದು ಹೆಸರಿಗೆ 255 ಬೈಟ್. ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ 3 ಬೈಟ್, ಅಂದ್ರೆ 85ಕ್ಕೆ ಮುಗೀತು, ಒತ್ತಕ್ಷರ ಸೇರಿದ್ರೆ ಇನ್ನೂ ಬೇಗ. ಲೇಖನದ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟಿದ್ವಿ, 70 ಫೈಲ್ ಬರೆಯೋಕಾಗ್ದೆ ನಿಂತ್ವು.

ಜಾವಾ_ಹಳಬ:
ಜಾವಾದ ಹಳೇ ಫೈಲ್ ಕ್ಲಾಸ್ ಬಳಸಿದೋರು ಯಾರೂ ಇಲ್ವಾ ಇಲ್ಲಿ? ಹೆಸರೂ ಅದೇ, ಡಿಸ್ಕ್ ಮುಟ್ಟೋದೂ ಅದೇ. ಡಿಲೀಟ್ ಆಗದಿದ್ರೆ ಸುಮ್ನೆ ಫಾಲ್ಸ್ ಕೊಡತ್ತೆ, ಕಾರಣ ಹೇಳಲ್ಲ. ನಾನು ಆ ಫಾಲ್ಸ್ ನೋಡ್ಲೇ ಇಲ್ಲ, ಟೆಂಪ್ ಫೈಲುಗಳು ಮೂರು ವಾರ ತುಂಬಿ ಭಾನುವಾರ ಬೆಳಗಿನ ಜಾವ ಡಿಸ್ಕ್ ಫುಲ್, ಮಗಳ ನಾಮಕರಣದ ದಿನ, ನಾನು ಮಂಟಪದ ಹಿಂದೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. 2011ರಲ್ಲಿ ಜಾವಾ 7 ಬಂದು ಪಾತ್ ಬೇರೆ, ಫೈಲ್ಸ್ ಬೇರೆ ಮಾಡಿದ್ಮೇಲೆ ಉಸಿರು ಬಂತು, ಡಿಲೀಟ್ ಆಗದಿದ್ರೆ ಎಕ್ಸೆಪ್ಷನ್. ಸ್ಟಾರ್ಟ್ಸ್‌ವಿತ್ ಕೂಡ ತುಂಡು ತುಂಡಾಗಿ ನೋಡತ್ತೆ. /ಡೇಟಾ/ರಾಮನಗರ ಅನ್ನೋದು /ಡೇಟಾ/ರಾಮದಿಂದ ಶುರುವಾಗತ್ತೆ ಅಂತ ಸ್ಟ್ರಿಂಗ್ ಹೇಳತ್ತೆ, ಪಾತ್ ಹೇಳಲ್ಲ. ನಮ್ಮ ಪರ್ಮಿಷನ್ ಚೆಕ್ ಇದ್ದದ್ದು ಸ್ಟ್ರಿಂಗಲ್ಲೇ ಹುಬ್ಬಳ್ಳಿಯವರೇ, ಒಂದು ವರ್ಷ ಯಾರೂ ಗಮನಿಸ್ಲಿಲ್ಲ.

ಹುಬ್ಬಳ್ಳಿ_ಡೆವ್:
ನಿಮ್ಮ ಚೆಕ್ ಬರೆದವರು ಕೊನಿಗೆ ಸ್ಲ್ಯಾಷ್ ಹಾಕಿದ್ರ ಆಗ್ತಿತ್ತು. ಭಾಷಾ ಏನ್ ಮಾಡ್ತದ?

ಜಾವಾ_ಹಳಬ:
ಬರೆದವನು ನಾನೇ. ಹಾಕಬೇಕು ಅಂತ ಭಾಷೆ ನೆನಪಿಸ್ಬೇಕಿತ್ತು ಅನ್ನೋದೇ ನನ್ನ ಮಾತು.

ಮಲ್ನಾಡ್_88:
ಎಲ್ರಿಗೂ ಥ್ಯಾಂಕ್ಸ್, ಓಎಸ್‌ಸ್ಟ್ರಿಂಗ್ ಸುತ್ತ ಬೇರೆ ಟೈಪ್ ಮಾಡೋದು ಅಂತ ಆಯ್ತು. ಆದ್ರೆ / ಆಪರೇಟರ್ ಬಗ್ಗೆ, ಆ ಇಬ್ರು ವಿಂಡೋಸಿನೋರ ಬಗ್ಗೆ ಏನ್ ಮಾಡ್ಲಿ?

ಪೈಥಾನಿಗ:
ಆಪರೇಟರ್ ಕೊಡಿ, ಬಲಗಡೆ ಇರೋದು ರೂಟಿಂದ (ಸ್ಲ್ಯಾಷಿಂದ) ಶುರುವಾದ್ರೆ ಎರರ್ ಎಸೀರಿ. ವಿಂಡೋಸಲ್ಲಿ ಸಿ:ವರದಿ ಅಂತ ಸ್ಲ್ಯಾಷ್ ಇಲ್ಲದ್ದೂ ಬರತ್ತೆ, ಅದು ಆ ಡ್ರೈವಿನ ಆಗಿನ ಡೈರೆಕ್ಟರಿಯಿಂದ ಲೆಕ್ಕ, ಅದಕ್ಕೂ ಎರರ್ ಎಸೀರಿ.

ಹುಬ್ಬಳ್ಳಿ_ಡೆವ್:
ಎಡಗಡಿದು ಒಗೀಬಾರದು ಅಂತ ನಾ ಮುಂಜಾನೆನ ಹೇಳಿದ್ದೆ.

ಕರಾವಳಿ_ಮ್ಯಾಕ್:
ಇಂಗ್ಲಿಷಲ್ಲಿ ಹೆಸರಿಡಿ ಅಂತಲೂ ನೀವೇ ಹೇಳಿದ್ದು. ಅದನ್ನು ಮೊದಲು ವಾಪಸ್ ತಗೊಳ್ಳಿ.