ಪದಚರ್ಚೆ: ‘ಸ್ಟ್ಯಾಂಡ್‌ಬೈ’ ಡೇಟಾಬೇಸ್‌ಗೆ ಏನನ್ನೋಣ? ‘ಸ್ವಿಚ್‌ಓವರ್’, ‘ಫೇಲ್‌ಓವರ್’ ಎರಡಕ್ಕೂ ‘ಬದಲಾವಣೆ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಕುಶಾಲನಗರದ ಒಂದು ಸಣ್ಣ ತಂಡದಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ನನ್ನದು. ಕಾಫಿ, ಕರಿಮೆಣಸು ವ್ಯಾಪಾರಿಗಳ ಲೆಕ್ಕಪತ್ರ ನಮ್ಮಲ್ಲಿರುತ್ತದೆ. ಹೊಸದಾಗಿ ಸೇರಿದವರಿಗೆ ಅನುಕೂಲವಾಗಲಿ ಅಂತ ಕಳೆದ ವರ್ಷ ಕನ್ನಡದಲ್ಲೇ ಒಂದು ಕೈಪಿಡಿ ಬರೆದೆ. ಅದರಲ್ಲಿ ನಾನು ಆರಿಸಿದ ಒಂದು ಪದದಿಂದ ದೊಡ್ಡ ತೊಂದರೆ ಆಯಿತು. ಕೈಪಿಡಿ ತಿದ್ದುವ ಮೊದಲು ನಿಮ್ಮನ್ನು ಕೇಳಬೇಕು ಅನ್ನಿಸಿತು.

ನಮ್ಮ ಮುಖ್ಯ ಡೇಟಾಬೇಸ್ ಆರೇಕಲ್ ಕ್ಲೌಡ್‌ನ ಮುಂಬೈ ಕೇಂದ್ರದಲ್ಲಿದೆ. ಅದರ ಸ್ಟ್ಯಾಂಡ್‌ಬೈ, ಅಂದರೆ ಜೊತೆಜೊತೆಗೇ ಓಡುವ ಎರಡನೇ ಡೇಟಾಬೇಸ್, ಹೈದರಾಬಾದಿನಲ್ಲಿದೆ. ಮುಂಬೈನಲ್ಲಿ ಏನೇ ಬರೆದರೂ ಅದು ಹೈದರಾಬಾದಿಗೂ ಹೋಗುತ್ತದೆ. ಇವೆರಡರ ನಂಟನ್ನು ಆಳುವ ವ್ಯವಸ್ಥೆಯ ಹೆಸರು ಡೇಟಾ ಗಾರ್ಡ್. ಕ್ಲೌಡ್‌ನ ಕಮಾಂಡ್ ಲೈನಿನಲ್ಲಿ ಇದಕ್ಕೆ ಮೂರು ಬೇರೆ ಬೇರೆ ಆದೇಶಗಳಿವೆ: ಸ್ವಿಚ್‌ಓವರ್, ಫೇಲ್‌ಓವರ್, ರೀಇನ್‌ಸ್ಟೇಟ್. ಸ್ವಿಚ್‌ಓವರ್‌ನಲ್ಲಿ ಎರಡೂ ಚೆನ್ನಾಗಿರುತ್ತವೆ. ನಾವೇ ಬೇಕಂತ ಜಾಗ ಬದಲಿಸುತ್ತೇವೆ. ಮುಖ್ಯದ್ದು ಸ್ಟ್ಯಾಂಡ್‌ಬೈ ಆಗುತ್ತದೆ, ಸ್ಟ್ಯಾಂಡ್‌ಬೈ ಮುಖ್ಯ ಆಗುತ್ತದೆ, ಒಂದು ಸಾಲೂ ಕಳೆಯುವುದಿಲ್ಲ. ಫೇಲ್‌ಓವರ್ ಇರುವುದು ಮುಖ್ಯದ್ದು ಕೆಟ್ಟುಹೋದಾಗ ಅಥವಾ ಕೈಗೆ ಸಿಗದಾಗ. ಬಂದಷ್ಟು ಬಂತು ಅಂತ ಸ್ಟ್ಯಾಂಡ್‌ಬೈಯನ್ನೇ ಮುಖ್ಯ ಮಾಡುತ್ತೇವೆ. ಹಳೆಯದು ಜೋಡಿಯಿಂದ ಹೊರಗೆ ಬೀಳುತ್ತದೆ. ಅದನ್ನು ಮತ್ತೆ ಒಳಗೆ ತರುವುದು ರೀಇನ್‌ಸ್ಟೇಟ್.

ನನ್ನ ಕೈಪಿಡಿಯಲ್ಲಿ ಮೊದಲ ಎರಡಕ್ಕೂ ‘ಬದಲಾವಣೆ’ ಎಂದೇ ಬರೆದಿದ್ದೆ. ಒಂದು ‘ಯೋಜಿತ ಬದಲಾವಣೆ’, ಇನ್ನೊಂದು ‘ವೈಫಲ್ಯ ಬದಲಾವಣೆ’. ಕಾಗದದ ಮೇಲೆ ಸರಿಯಾಗೇ ಇತ್ತು.

ಜುಲೈ ತಿಂಗಳ ಒಂದು ರಾತ್ರಿ ಮುಂಬೈ ಕಡೆ ಸಣ್ಣ ರಿಪೇರಿ ಇತ್ತು. ಅದಕ್ಕಾಗಿ ಸ್ವಿಚ್‌ಓವರ್ ಮಾಡಬೇಕಿತ್ತು. ಜುಲೈ ಮಳೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಸಂಜೆಯೇ ನಮ್ಮ ಮನೆಯ ಕರೆಂಟು ಹೋಯಿತು, ಇಂಟರ್ನೆಟ್ಟೂ ಹೋಯಿತು. ಕುಶಾಲನಗರದಲ್ಲಿದ್ದ ಹುಡುಗನ ಜೊತೆ ಫೋನಿನಲ್ಲೇ ಮಾತು. ಅದೂ ತುಂಡು ತುಂಡಾಗಿ ಕೇಳುತ್ತಿತ್ತು.

“ಅಣ್ಣ, ಬದಲಾವಣೆ ಮಾಡ್ಲಾ?”

“ಮಾಡು.”

ಅವನು ತೆರೆದಿಟ್ಟುಕೊಂಡಿದ್ದದ್ದು ಎರಡನೇ ಪುಟ. ಚೆನ್ನಾಗಿ ಓಡುತ್ತಿದ್ದ ಡೇಟಾಬೇಸಿನ ಮೇಲೆ ಫೇಲ್‌ಓವರ್ ಆಯಿತು. ಆ ಹೊತ್ತಿಗೆ ಒಬ್ಬ ವ್ಯಾಪಾರಿ ಕರಿಮೆಣಸಿನ ಲೆಕ್ಕ ಹಾಕುತ್ತಿದ್ದರು. ಅವರ ಕೊನೆಯ ನಾಲ್ಕು ನಮೂದು ಹೈದರಾಬಾದಿಗೆ ತಲುಪಿರಲಿಲ್ಲ. ಹಳೆಯದನ್ನು ಮತ್ತೆ ಸೇರಿಸುವಷ್ಟರಲ್ಲಿ ಬೆಳಕು ಹರಿದಿತ್ತು. ಆ ನಾಲ್ಕು ನಮೂದನ್ನು ಅವರನ್ನೇ ಕೇಳಿ ಬರೆದುಕೊಂಡೆವು. ಹುಡುಗನದ್ದು ಏನೂ ತಪ್ಪಿಲ್ಲ. ಪುಟದಲ್ಲಿ ಇದ್ದ ಪದವನ್ನೇ ಅವನು ಹೇಳಿದ್ದು.

ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೂತಿದೆ. ಇಂಥ ಪದಗಳನ್ನು ಕಣ್ಣಿಗೆ ಮಾತ್ರ ಕಟ್ಟಿದರೆ ಸಾಲದು, ಕಿವಿಗೂ ಕಟ್ಟಬೇಕು. ಮಳೆಯಲ್ಲಿ ಅರ್ಧ ಕೇಳಿದರೂ ಯಾವುದು ಅಂತ ಗೊತ್ತಾಗಬೇಕು. ಇಂಗ್ಲಿಷಿನ ಪದಗಳೂ ಈ ವಿಷಯದಲ್ಲಿ ಒಳ್ಳೆಯವಲ್ಲ. ಎರಡರ ಬಾಲವೂ ‘ಓವರ್’ ತಾನೇ.

ಸ್ವಿಚ್‌ಓವರ್‌ಗೆ ‘ಅದಲುಬದಲು’ ಅನ್ನೋಣ ಎಂದುಕೊಂಡಿದ್ದೇನೆ. ಅದಲುಬದಲು ಆಗಬೇಕಾದರೆ ಎರಡೂ ಇರಲೇಬೇಕು. ಆ ಅರ್ಥ ಪದದೊಳಗೇ ಇದೆ. ಫೇಲ್‌ಓವರ್‌ಗೆ ನನ್ನ ಮನಸ್ಸಿನಲ್ಲಿರುವುದು ‘ತುರ್ತು ಪಟ್ಟ’. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಇದೇ ಕೆಲಸಕ್ಕೆ ‘ಪ್ರಮೋಟ್’ ಎನ್ನುತ್ತಾರೆ. ಪಟ್ಟ ಕಟ್ಟುವುದು ಅದಕ್ಕೆ ಹತ್ತಿರ. ನಮ್ಮ ತಂಡದ ಒಬ್ಬರು ಒಪ್ಪುತ್ತಿಲ್ಲ. ಪಟ್ಟ ಅಂದರೆ ಹಬ್ಬದ ಹಾಗೆ ಕೇಳುತ್ತದೆ, ಇದು ಕಷ್ಟಕಾಲದ ಕೆಲಸ ಅಲ್ವಾ, ಅನ್ನುತ್ತಾರೆ. ‘ತುರ್ತು’ ಸೇರಿದರೆ ಆ ಹಬ್ಬದ ಸದ್ದು ಅಡಗುತ್ತದೆ ಅಂತ ನನಗನ್ನಿಸುತ್ತದೆ. ರೀಇನ್‌ಸ್ಟೇಟ್‌ಗೆ ‘ಮರುಸೇರ್ಪಡೆ’ ಸಾಕು, ಅದರಲ್ಲಿ ಗೊಂದಲವಿಲ್ಲ.

ಇನ್ನು ಸ್ಟ್ಯಾಂಡ್‌ಬೈ. ಇದನ್ನು ಹಾಗೇ ಬಿಟ್ಟರಾಯಿತು ಅನ್ನಬಹುದು. ಆದರೆ ನಮ್ಮಲ್ಲಿ ಆ ಪದಕ್ಕೆ ಬೇರೆಯೇ ರೂಢಿ ಇದೆ. ಮಳೆಗಾಲಕ್ಕೆ ಜನರೇಟರ್ ಸ್ಟ್ಯಾಂಡ್‌ಬೈ, ಜೀಪು ಸ್ಟ್ಯಾಂಡ್‌ಬೈ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದ ಮೇಲಂತೂ ಈ ಮಾತು ಜಾಸ್ತಿ ಕೇಳುತ್ತದೆ. ಅಲ್ಲೆಲ್ಲ ಸ್ಟ್ಯಾಂಡ್‌ಬೈ ಅಂದರೆ ಬೇಕಾಗುವ ತನಕ ಆಫ್ ಆಗಿರುವುದು. ಹಾಗಾಗಿಯೇ ಹೊಸ ಹುಡುಗಿಯೊಬ್ಬಳು ಕೇಳಿದ್ದು: “ಸುಮ್ನೆ ಇರೋದಕ್ಕೆ ತಿಂಗಳು ತಿಂಗಳು ಯಾಕೆ ದುಡ್ಡು ಕೊಡ್ಬೇಕು? ಆಫ್ ಮಾಡಿಡೋಣ್ವಾ?” ಸ್ಟ್ಯಾಂಡ್‌ಬೈ ಡೇಟಾಬೇಸ್ ಒಂದು ನಿಮಿಷವೂ ಸುಮ್ಮನಿರುವುದಿಲ್ಲ. ಸುಮ್ಮನಿದ್ದರೆ ಆ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ.

‘ಮೀಸಲು’ ಪದಕ್ಕೂ ಇದೇ ತೊಂದರೆ. ಮೀಸಲು ಅಂದರೆ ಯಾರೂ ಮುಟ್ಟದ ಹಾಗೆ ಎತ್ತಿಟ್ಟದ್ದು. ‘ನಕಲು’ ಇನ್ನೂ ತಪ್ಪು. ತಾಲ್ಲೂಕು ಕಚೇರಿಯಿಂದ ಪಹಣಿಯ ನಕಲು ತಂದರೆ ಅದು ತಂದ ದಿನಕ್ಕೇ ನಿಂತುಬಿಡುತ್ತದೆ. ಆ ಪದ ಬ್ಯಾಕಪ್‌ಗೆ ಸರಿ. ಇಂಗ್ಲಿಷಿನ ಹಳೆಯ ‘ಮಾಸ್ಟರ್-ಸ್ಲೇವ್’ ಜೋಡಿಯ ಹಾಗೆ ‘ಒಡೆಯ-ಆಳು’ ಬರೆಯಲು ನನಗೆ ಕೈ ಬರಲಿಲ್ಲ. ನಮ್ಮಲ್ಲಿ ಇಬ್ಬರು ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಲ್ಲಿ ಬೆಳೆದವರು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನವರೇ 2020ರಲ್ಲಿ ತಮ್ಮ ಆದೇಶಗಳಲ್ಲಿ ‘ಸ್ಲೇವ್’ ಬದಲು ‘ರೆಪ್ಲಿಕಾ’ ತಂದರು. ಅವರು ಬಿಟ್ಟದ್ದನ್ನು ನಾವು ಕನ್ನಡಕ್ಕೆ ತರುವುದು ಬೇಡ.

ಉಳಿದದ್ದು ‘ಬದಲಿ’. ಕೊಡಗಿನಲ್ಲಿ ಬದಲಿ ಅಂದ ಕೂಡಲೇ ನೆನಪಾಗುವುದು ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದ ಮೇಲೆ ಬೇಸಿಗೆಯಲ್ಲಿ ಇಲ್ಲಿ ಬೇರೆ ಮಾತಿಲ್ಲ. ಹಾಕಿಯಲ್ಲಿ ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು, ಎಷ್ಟು ಸಲ ಬೇಕಾದರೂ. ಫುಟ್‌ಬಾಲ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಹಾಗಾಗಿ ಅದಲುಬದಲನ್ನು ವಿವರಿಸಲು ಹಾಕಿ ತುಂಬ ಚೆನ್ನಾಗಿ ಹೊಂದುತ್ತದೆ. ಹೊರಗೆ ಕೂತ ಆಟಗಾರನೂ ಆಟ ನೋಡುತ್ತಲೇ ಇರುತ್ತಾನೆ, ಸ್ಕೋರ್ ಅವನಿಗೆ ಗೊತ್ತಿರುತ್ತದೆ.

ಒಂದು ಪದ ಮಾತ್ರ ಎಲ್ಲರಿಗೂ ಒಪ್ಪಿಗೆಯಾಗಿದೆ, ಅದನ್ನು ಹೇಳಲು ಖುಷಿ. ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ‘ರೀಡೂ ಲಾಗ್’ಗೆ ‘ಕಿರ್ದಿ’. ವಿರಾಜಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಅಂಗಡಿ ಇತ್ತು. ಬಂದದ್ದು, ಹೋದದ್ದು ಎಲ್ಲ ಆ ಕ್ಷಣಕ್ಕೆ ಕಿರ್ದಿಗೆ ಬೀಳುತ್ತಿತ್ತು. ಆಮೇಲೆ ನಿಧಾನಕ್ಕೆ ಅವರವರ ಖಾತೆಗೆ ಏರಿಸುತ್ತಿದ್ದರು. ಡೇಟಾಬೇಸ್ ಮಾಡುವುದೂ ಅದನ್ನೇ. ಕಮಿಟ್ ಆಯಿತು, ಅಂದರೆ ನಮೂದು ಖಾಯಂ ಆಯಿತು ಅಂದರೆ ಕಿರ್ದಿಗೆ ಬಿತ್ತು ಅಂತ. ಸ್ಟ್ಯಾಂಡ್‌ಬೈಗೆ ಹೋಗುವುದೂ ಕಿರ್ದಿಯೇ, ಅಲ್ಲಿ ಅದನ್ನು ಖಾತೆಗೆ ಏರಿಸಲಾಗುತ್ತದೆ. ಹಾಗೆ ನೋಡಿದರೆ ‘ಟ್ರಾನ್ಸ್‌ಪೋರ್ಟ್ ಲ್ಯಾಗ್’ ಅಂದರೆ ಕಿರ್ದಿ ತಲುಪುವ ತಡ, ‘ಅಪ್ಲೈ ಲ್ಯಾಗ್’ ಅಂದರೆ ಖಾತೆಗೆ ಏರುವ ತಡ. ಇಷ್ಟು ಹೇಳಿದ ಮೇಲೆ ಯಾರೂ ಇವೆರಡನ್ನು ಕಲಸಿಲ್ಲ. ಕಿರ್ದಿ ತಲುಪಿದ್ದರೆ ನಮೂದು ಉಳಿಯಿತು, ಏರುವುದು ತಡವಾದರೂ ಪರವಾಗಿಲ್ಲ. ನಮ್ಮ ನಾಲ್ಕು ನಮೂದು ಕಳೆದದ್ದು ಮೊದಲನೆಯ ತಡದಲ್ಲಿ.

ಡೇಟಾ ಗಾರ್ಡ್‌ನಲ್ಲಿರುವ ರಕ್ಷಣೆಯ ಮೂರು ಬಗೆಗಳಿಗೂ ಹೆಸರು ಬೇಕು. ‘ಗರಿಷ್ಠ ಕಾರ್ಯಕ್ಷಮತೆ’, ‘ಗರಿಷ್ಠ ಲಭ್ಯತೆ’, ‘ಗರಿಷ್ಠ ರಕ್ಷಣೆ’ ಅಂತ ಬರೆದಿದ್ದೆ. ಓದಿದವರಿಗೆ ಏನೂ ಹೊಳೆಯುವುದಿಲ್ಲ. ಮೊದಲನೆಯದರಲ್ಲಿ ಮುಖ್ಯ ಡೇಟಾಬೇಸ್ ಸ್ಟ್ಯಾಂಡ್‌ಬೈಯ ಉತ್ತರಕ್ಕೆ ಕಾಯುವುದಿಲ್ಲ. ಎರಡನೆಯದು ‘ಹೂಂ, ಬಂತು’ ಅನ್ನುವ ತನಕ ಕಾಯುತ್ತದೆ, ಉತ್ತರವೇ ಬರದಿದ್ದರೆ ಕಾಯುವುದು ಬಿಟ್ಟು ಮುಂದೆ ಹೋಗುತ್ತದೆ. ಮೂರನೆಯದು ಕಿರ್ದಿ ಕಳಿಸಲು ಒಂದು ಸ್ಟ್ಯಾಂಡ್‌ಬೈಯೂ ಸಿಗದಿದ್ದರೆ ತಾನೇ ನಿಂತುಬಿಡುತ್ತದೆ. ‘ಕಾಯದ’, ‘ಕಾಯ್ದು ನೋಡುವ’, ‘ಕಾಯದೆ ಬಿಡದ’ ಅಂದರೆ ಹೇಗೆ? ಮೊದಲನೆಯದೂ ಮೂರನೆಯದೂ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಅಂದರೆ ಮತ್ತೆ ಅದೇ ತಪ್ಪು. ಇದಕ್ಕೆ ನಿಮ್ಮ ಸಹಾಯ ಬೇಕು.

ಇನ್ನೊಂದು ಅನುಮಾನವೂ ಉಳಿದಿದೆ. ಡೇಟಾಬೇಸನ್ನು ‘ಬದಲಿ’ ಎಂದು ಕರೆದು, ಕೆಲಸವನ್ನು ‘ಅದಲುಬದಲು’ ಎಂದರೆ ಎರಡೂ ಗಂಟು ಬೀಳುತ್ತವಾ? ‘ಬದಲಿ ಮಾಡು’ ಅಂತ ಕೇಳಿಸಿಕೊಂಡವರು ಏನು ಮಾಡುತ್ತಾರೆ? ಬ್ಯಾಂಕಿನಲ್ಲೋ ವಿದ್ಯುತ್ ಇಲಾಖೆಯಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ, ಸದಾ ಓಡುತ್ತಲೇ ಇರುವ ಎರಡನೇ ಯಂತ್ರಕ್ಕೆ ನಿಮ್ಮಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ.